ಕುಂತಲ್ಲೇ ರೊಕ್ಕ

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಾನು ಬಾಡಿಗೆದಾರ. ಧಾರವಾಡದ ಸಪ್ತಾಪುರದಲ್ಲಿ ಮನೆ ಮಾಲಕ. ನಡುವೆ ಸುಮಾರು 20 ಕಿಲೋಮೀಟರ್. ಚಿಗರಿ ಬಸ್ಸು ಹತ್ತುವಾಗ ಬಾಡಿಗೆದಾರನಾಗಿದ್ದವನು ಇಳಿಯುವಾಗ ಮಾಲಕನಾಗಿರುತ್ತೇನೆ. ನವನಗರ ದಾಟುತ್ತಿದ್ದಂತೆ ನನ್ನ ದನಿಯೇ ಬದಲಾಗುತ್ತದೆ ಅಂತ ಹೆಂಡತಿ ಹೇಳುತ್ತಾಳೆ.

ಇದಕ್ಕೆಲ್ಲ ಕಾರಣ ಒಂದು ಪ್ಲೇಟು ಗಿರ್ಮಿಟ್. ಆಫೀಸಿನ ಗೆಳೆಯನೊಬ್ಬ ಮಿರ್ಚಿ ಭಜಿ ಕಚ್ಚುತ್ತಾ, “ಎಷ್ಟ್ ವರ್ಷ ಮಂದಿಗೆ ಬಾಡಿಗಿ ಕಟ್ಟತೀರಿ? ಸಪ್ತಾಪುರದಾಗ ಒಂದ್ ಫ್ಲ್ಯಾಟ್ ಹಿಡೀರಿ. ಪರೀಕ್ಷಾಕ್ಕ ಓದೋ ಹುಡುಗೂರು ಸಾಲು ಹಚ್ಚಿ ನಿಂತಿರ್ತಾವ. ಕುಂತಲ್ಲೇ ರೊಕ್ಕ!” ಎಂದ.

ಸಪ್ತಾಪುರದ ಮಾತು ಸುಳ್ಳಲ್ಲ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಕೋಚಿಂಗ್ ಬೋರ್ಡುಗಳ ಸಂದಿಯಲ್ಲಿ ಆಕಾಶ ಹುಡುಕಬೇಕು. ಈ ಕಡೆಯ ಅರ್ಧ ಸರ್ಕಾರ ಅಲ್ಲಿನ ಮೆಸ್ಸಿನ ಊಟ ತಿಂದೇ ತಯಾರಾದದ್ದು.

ಫ್ಲ್ಯಾಟಿಗೆ 28 ಲಕ್ಷ. ಬ್ಯಾಂಕಿನಿಂದ 22 ಲಕ್ಷ ಸಾಲ, ಎಂಟೂವರೆ ಪರ್ಸೆಂಟ್ ಬಡ್ಡಿ, 20 ವರ್ಷ. ತಿಂಗಳ ಕಂತು 19 ಸಾವಿರದ ಮೇಲೆ. ಮುದ್ರಾಂಕ ಶುಲ್ಕ, ನೋಂದಣಿ, ವಕೀಲರ ಫೀ, ದಲಾಲಿ ಇವನ್ನೆಲ್ಲ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವು ಹೆಂಡತಿಯ ಎರಡು ಬಳೆ ಹಿಡಿದವು.

ಬಳೆ ಹೋದ ಕೈಯಿಂದಲೇ ಅವಳು ಕ್ಯಾಲೆಂಡರಿನ ಹಿಂದೆ ಹಾಲಿನ ಲೆಕ್ಕದ ಪಕ್ಕ ಇನ್ನೊಂದು ಲೆಕ್ಕ ಬರೆದಳು. “ಬಾಡಿಗಿ 11 ಸಾವಿರ. ವರ್ಷಕ್ಕ 1,32,000. ಹಾಕಿದ 28 ಲಕ್ಷಕ್ಕ ನೂರಕ್ಕ ಐದೂ ಬೀಳಂಗಿಲ್ಲ. ಎಫ್‌ಡಿ ಇಟ್ಟಿದ್ರ ಇದಕ್ಕಿಂತ ಜಾಸ್ತಿ ಬರ್ತಿತ್ತು. ಮತ್ತ ಎಫ್‌ಡಿ ನಳಾ ಸೋರಂಗಿಲ್ಲ.”

“ಮುಂದ ರೇಟ್ ಏರ್ತದಲ್ಲ” ಎಂದೆ.

“ಏರ್ಲಿ. ಏಣಿ ಹಚ್ಚಿ ಇಳಿಸ್ಕೋಳೋಣಂತ.”

ಗೇಟಿಗೆ ಬೋರ್ಡು ಕಟ್ಟಿದೆ. ಮೊದಲು ಬಂದದ್ದು ಒಂದು ಕುಟುಂಬ. ಅದರ ಯಜಮಾನಿಕೆ ಅಜ್ಜಿಯದು. ಅವರು ಹಾಲು, ಬೆಡ್‌ರೂಮು ಏನೂ ನೋಡದೆ ನೇರ ಅಡುಗೆಮನೆಗೆ ಹೋಗಿ, “ರೊಟ್ಟಿ ಎಲ್ಲಿ ಬಡೀಬೇಕ್ರಿ?” ಎಂದರು. ಕಟ್ಟೆ ತೋರಿಸಿದೆ. ಸುಮ್ನೆ ಗಾಳಿಯಲ್ಲಿ ಒಂದು ರೊಟ್ಟಿ ಬಡಿದು ನೋಡಿದರು. ಎರಡನೇ ಏಟಿಗೆ ಮೊಳಕೈ ಗೋಡೆಗೆ ತಾಗಿತು. ಆಯಿತು. 28 ಲಕ್ಷದ ಫ್ಲ್ಯಾಟು ಒಂದು ಜೋಳದ ರೊಟ್ಟಿಗೆ ಸಾಲಲಿಲ್ಲ.

ಆಮೇಲೆ ಮೂವರು ಹುಡುಗರು ಬಂದರು. ಒಬ್ಬ ರೋಣದವನು, ಒಬ್ಬ ಹಿರೇಕೆರೂರಿನವನು, ಮೂರನೆಯವನು ಸವದತ್ತಿಯವನು, ಕಾನೂನು ಓದಿದವನು. ರೊಟ್ಟಿ ಬಡಿಯುವ ಪ್ರಶ್ನೆಯೇ ಇಲ್ಲ ಅಂತ ನಾನು ಖುಷಿಯಾದೆ. ಕರಾರು ಪತ್ರ ಕೊಟ್ಟೆ. ಇಲ್ಲಿಯವರೆಗೆ ಬಾಡಿಗೆ ಕರಾರನ್ನು ಯಾರೂ ಓದಿದ್ದು ನಾನು ನೋಡಿಲ್ಲ. ನಾನಂತೂ ಓದಿಲ್ಲ. ಇವರು ಸಾಲು ಸಾಲು ಓದಿದರು. ಏಳನೇ ಕಲಮಿನಲ್ಲಿ ಯಾರೋ ಬೇರೆ ಮಾಲಕರ ಹೆಸರು ಹಾಗೇ ಉಳಿದುಕೊಂಡಿತ್ತು. ಅದನ್ನು ತಿದ್ದಿಸಿದ ಮೇಲೆ ಸವದತ್ತಿಯವನು, “ಸರ್, 11 ತಿಂಗಳಿಗೇ ಯಾಕ ಬರಸ್ತಾರ ಗೊತ್ತೇನ್ರಿ?” ಎಂದ.

“ಎಲ್ಲಾರೂ ಹಂಗ ಮಾಡ್ತಾರಪಾ.”

“1908ರ ನೋಂದಣಿ ಕಾಯ್ದೆ ಸರ್, ಸೆಕ್ಷನ್ 17. ಅವಧಿ ಒಂದು ವರ್ಷ ಮೀರಿದ್ರ ನೋಂದಣಿ ಕಡ್ಡಾಯ.”

ನನ್ನ ಮನೆಯಲ್ಲೇ ನಾನು ಪರೀಕ್ಷೆ ಬರೆದು ಫೇಲಾದೆ.

ಗೆಳೆಯ ಹೇಳಿದಂತೆ ರೊಕ್ಕ ಬಂತು. ಕುಂತಿದ್ದು ಮಾತ್ರ ಚಿಗರಿಯಲ್ಲಿ, ಅದೂ ಸೀಟು ಸಿಕ್ಕಾಗ. ಒಂದು ವಾರ ಗೀಜರ್, ಇನ್ನೊಂದು ವಾರ ಬಾಗಿಲಿನ ಕೊಂಡಿ. ಧಾರವಾಡದ ಮಳೆ ಶುರುವಾದ ಮೇಲಂತೂ ಕೇಳಬೇಡಿ. ಒಮ್ಮೆ ಹೋದಾಗ ಹಾಲಿನ ಗೋಡೆಯ ಮೇಲೆ ಹಸಿ ಕಲೆಯೊಂದು ಥೇಟ್ ಕರ್ನಾಟಕದ ನಕ್ಷೆಯಂತೆ ಮೂಡಿತ್ತು. ಹುಡುಗರು ಅದರ ಮೇಲೆ ಪೆನ್ಸಿಲಿನಲ್ಲಿ ನದಿ ಬರೆದುಕೊಂಡು ಓದುತ್ತಿದ್ದರು. ಮಲಪ್ರಭೆ ಸ್ವಿಚ್ ಬೋರ್ಡಿನ ತನಕ ಹರಿದಿತ್ತು.

ಗೌಂಡಿಗೆ ಫೋನ್ ಹಚ್ಚಿದೆ. “ನಾಳೆ ಬರ್ತೀನ್ರಿ” ಎಂದ. ಅವನ ಆ ನಾಳೆ ಹನ್ನೊಂದು ದಿನ ನಡೆಯಿತು. ಬಾಡಿಗೆಯಲ್ಲಿ ಆಸ್ತಿ ತೆರಿಗೆ ಕಳೆದು ಉಳಿದದ್ದರಲ್ಲಿ 30% ಅನ್ನು ಆದಾಯ ತೆರಿಗೆಯವರು ಸುಮ್ನೆ ಬಿಟ್ಟುಕೊಡುತ್ತಾರೆ. ರಿಪೇರಿ ಮಾಡಿಸಿದ ರಸೀದಿ ಅವರು ಕೇಳುವುದಿಲ್ಲ. ಗೌಂಡಿ ಕೊಡುವುದೂ ಇಲ್ಲ.

ಇಷ್ಟರಲ್ಲಿ ಬಚ್ಚಲಿನ ನಳ ಸೋರತೊಡಗಿತು. ಹುಡುಗರು ಎರಡು ಸಲ ಹೇಳಿದರು. “ನೋಡೋಣಪಾ, ಮಾಡಿಸಿದ್ರಾತು” ಎಂದೆ. ಹೇಳಿದ ಮೇಲೆ, ಈ ಮಾತು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಕೇಶ್ವಾಪುರದ ನಮ್ಮ ಮಾಲಕರು ನಮ್ಮ ಬಚ್ಚಲಿನ ನಳದ ಬಗ್ಗೆ ಆರು ತಿಂಗಳಿಂದ ಹೇಳುತ್ತಿರುವುದು ಇದನ್ನೇ.

ಮುಂದಿನ ತಿಂಗಳು ಬಾಡಿಗೆ 850 ರೂಪಾಯಿ ಕಡಿಮೆ ಬಂತು. ಜೊತೆಗೆ ವಾಟ್ಸಾಪ್‌ನಲ್ಲಿ ಪ್ಲಂಬರನ ಚೀಟಿಯ ಫೋಟೋ, ಕೆಳಗೆ ಒಂದು ಸಾಲು: ‘ಆಸ್ತಿ ವರ್ಗಾವಣೆ ಕಾಯ್ದೆ 1882, ಸೆಕ್ಷನ್ 108 (ಎಫ್).’ ಗುರುತಿನ ವಕೀಲರಿಗೆ ತೋರಿಸಿದೆ. ಮಾಲಕ ತಾನು ಮಾಡಿಸಬೇಕಾದ ರಿಪೇರಿಯನ್ನು ಹೇಳಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿಯಬಹುದಂತೆ. “ಹುಡುಗ ಪಾಸ್ ಆಗ್ತಾನ ಬಿಡ್ರಿ” ಎಂದರು ವಕೀಲರು.

ನನಗೆ ಸಿಟ್ಟು ಬರಬೇಕಿತ್ತು. ಬದಲಿಗೆ ಭಾರಿ ಧೈರ್ಯ ಬಂತು. ಮರುದಿನ ಬಾಡಿಗೆ ಹಿಡಿದುಕೊಂಡು ಕೆಳಗಿನ ಮಾಲಕರ ಮನೆಗೆ ಹೋದೆ. ಎಪ್ಪತ್ತೈದು ದಾಟಿದ ಜೀವ, ಕಿವಿ ಸ್ವಲ್ಪ ಮಂದ. ಗಂಟಲು ಸರಿಮಾಡಿಕೊಂಡು, “ಕಾಕಾ, ಈಗ 108 ಅಂತ ಒಂದ್ ಅದರೀ...” ಎಂದೆ.

ಕಾಕಾ ದಡಕ್ಕನೆ ಎದ್ದುಬಿಟ್ಟರು. “108 ಯಾಕೋ ತಮ್ಮಾ! ಯಾರಿಗೇನಾತು? ಅಕ್ಕಾ ಆರಾಮ ಅದಾಳಿಲ್ಲೋ?” ಒಳಗಿಂದ ಕಾಕು ಓಡಿ ಬಂದರು. ಕಾಕಾ ಆಗಲೇ ಚಪ್ಪಲಿಗೆ ಕಾಲು ತೂರಿಸಿಕೊಂಡು, “ಅಂಬುಲೆನ್ಸ್ ಬರೂತನ ಕಾಯಬ್ಯಾಡ, ಆಟೋ ತರ್ತೀನಿ” ಎನ್ನುತ್ತಾ ಗೇಟಿನ ಹತ್ತಿರ ಹೋಗಿದ್ದರು.

ಅವರನ್ನು ವಾಪಸ್ ಕರೆತಂದು ಕೂಡಿಸಿ, ಪೂರಾ ಬಾಡಿಗೆ ಎಣಿಸಿ ಕೊಟ್ಟು, ಕಾಕು ಮಾಡಿದ ಚಹಾ ಕುಡಿದು ಮೇಲೆ ಬಂದೆ.