ಮಧ್ಯದ ಐವತ್ತೆರಡು ವರ್ಷ ಎಲ್ಲಿ ಹೋಯ್ತು?

ನಿನ್ನೆ ರಾತ್ರಿ ಅಕ್ಕನ ಮಗ ಹಜಾರದಲ್ಲಿ ಕೂತು ಪರೀಕ್ಷೆಗೆ ಉರು ಹೊಡೆಯುತ್ತಿದ್ದ. "570 ಮೆಕ್ಕಾದಲ್ಲಿ ಜನನ. 622 ಹಿಜಿರಾ. 632 ಮರಣ." ಮತ್ತೆ ಮೊದಲಿಂದ. ಪಾತ್ರೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ಅವನ ಗೈಡ್ ನೋಡಿದೆ. ಪೈಗಂಬರ್ ಮುಹಮ್ಮದರ ಬದುಕಿಗೆ, ಇಸ್ಲಾಂ ಹುಟ್ಟಿದ ಕಥೆಗೆ ನಾಲ್ಕೇ ಸಾಲು. ನಾಲ್ಕನೇ ಸಾಲಿಗೆ ಆಗಲೇ ಸೈನ್ಯ, ಸಾಮ್ರಾಜ್ಯ ಎಲ್ಲ ಬಂದುಬಿಟ್ಟಿದೆ.

ಸಿಟ್ಟು ಬಂತು. 570ರಿಂದ 622ಕ್ಕೆ, ಅಂದರೆ ಅವರು ಮೆಕ್ಕಾ ಬಿಟ್ಟು ಮದೀನಾಕ್ಕೆ ಹೋದ ಹಿಜಿರಾಕ್ಕೆ ಹಾರಿದರೆ ಕಥೆಯ ಜೀವವೇ ಬಿಟ್ಟುಹೋಗುತ್ತದೆ. 610ರಲ್ಲಿ ಮೆಕ್ಕಾ ಹತ್ತಿರದ ಹಿರಾ ಗುಹೆಯಿಂದ ನಲವತ್ತು ವರ್ಷದ ಒಬ್ಬ ಮನುಷ್ಯ ನಡುಗುತ್ತಾ ಮನೆಗೆ ಬಂದು "ಹೊದಿಸು, ನನಗೆ ಹೊದಿಸು" ಅನ್ನುತ್ತಾರೆ. ಹೊದಿಸಿ ಧೈರ್ಯ ಹೇಳಿದ್ದು ಹೆಂಡತಿ ಖದೀಜಾ. ಸ್ವಂತ ವ್ಯಾಪಾರ ನಡೆಸುತ್ತಿದ್ದ ಹೆಂಗಸು ಆಕೆ. ಮದುವೆಗೆ ಮುಂಚೆ ಪೈಗಂಬರರಿಗೆ ತನ್ನ ವ್ಯಾಪಾರದಲ್ಲಿ ಕೆಲಸ ಕೊಟ್ಟವರೂ ಆಕೆಯೇ, ಅವರ ಮಾತನ್ನು ಮೊದಲು ನಂಬಿದವರೂ ಆಕೆಯೇ. ಗೈಡ್‌ನಲ್ಲಿ ಆಕೆಯ ಹೆಸರೇ ಇಲ್ಲ!

ಬಿಲಾಲ್ ಇಲ್ಲ. ಸುಡುವ ಮರಳಿನ ಮೇಲೆ ಮಲಗಿಸಿ, ಎದೆ ಮೇಲೆ ಬಂಡೆ ಹೇರಿದರೂ "ಅಹದ್, ಅಹದ್", ಅಂದರೆ ದೇವರು ಒಬ್ಬನೇ, ಅಂತಲೇ ಇದ್ದ ಗುಲಾಮ. ಅವರನ್ನು ಪೈಗಂಬರರ ಗೆಳೆಯ ಅಬೂಬಕರ್ ಬಿಡಿಸಿದರು. ಮುಂದೆ ಮದೀನಾದಲ್ಲಿ ಮೊದಲ ಆಜಾನ್ ಕೂಗಿದ್ದು ಅದೇ ಬಿಲಾಲ್. ನಂಬಿಕೆ ಬಿಡದೆ ಪ್ರಾಣವನ್ನೇ ಕೊಟ್ಟ ಹೆಂಗಸು ಸುಮಯ್ಯಾ ಕೂಡ ಇಲ್ಲ.

ಅಬಿಸೀನಿಯಾದ (ಇವತ್ತಿನ ಇಥಿಯೋಪಿಯಾ ಕಡೆಯ ನಾಡು) ಕಥೆ ಬಿಟ್ಟಿರುವುದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು. 615ರಲ್ಲಿ ಮೆಕ್ಕಾದ ಪ್ರಬಲ ಬುಡಕಟ್ಟಾದ ಕುರೈಶರ ಕಾಟ ತಡೆಯಲಾರದೆ ಸುಮಾರು ಹದಿನೈದು ಜನ ಕೆಂಪು ಸಮುದ್ರ ದಾಟಿ ಹೋದರು. ಆಮೇಲೆ ಇನ್ನೂ ಎಷ್ಟೋ ಜನ ಅವರ ಹಿಂದೆ ಹೋದರು. ಅವರನ್ನು ವಾಪಸ್ ಕರೆತರಲು ಕುರೈಶರು ಒಳ್ಳೊಳ್ಳೆ ಚರ್ಮದ ಸಾಮಾನು ಕಾಣಿಕೆ ಕೊಟ್ಟು ಇಬ್ಬರನ್ನು ಕಳಿಸಿದರು. ಒಬ್ಬ ಅಮ್ರ್ ಇಬ್ನ್ ಆಸ್. (ಮುಂದೆ ಇವನೇ ಮುಸ್ಲಿಮನಾಗಿ ಈಜಿಪ್ಟ್ ಗೆದ್ದ.) ಅಲ್ಲಿನ ದೊರೆ ನಜಾಶಿ ಕ್ರೈಸ್ತ. ಆದರೂ ಎರಡೂ ಕಡೆಯವರನ್ನು ಎದುರು ನಿಲ್ಲಿಸಿ ವಿಚಾರಿಸಿದ. ಪೈಗಂಬರರ ದೊಡ್ಡಪ್ಪ ಅಬೂತಾಲಿಬರ ಮಗ ಜಾಫರ್ ಮುಂದೆ ಬಂದು, ಬಲ ಇದ್ದವನು ಬಡವನನ್ನು ನುಂಗುತ್ತಿದ್ದ ಕಾಲವನ್ನು ವಿವರಿಸಿದರು. ಕುರ್‌ಆನ್‌ನಿಂದ ಯೇಸುವಿನ ತಾಯಿ ಮರಿಯಮ್ಮನ ಕಥೆಯನ್ನು ಓದಿ ಹೇಳಿದರು. ದೊರೆ ಗಡ್ಡ ನೆನೆಯುವಷ್ಟು ಅತ್ತನಂತೆ. ಕಾಣಿಕೆ ವಾಪಸ್ ಕಳಿಸಿ, ಬಂದವರನ್ನು ತನ್ನ ನಾಡಲ್ಲೇ ಇಟ್ಟುಕೊಂಡ.

ಮೊದಲ ಮುಸ್ಲಿಮರಿಗೆ ನೆರಳು ಕೊಟ್ಟವನು ಒಬ್ಬ ಕ್ರೈಸ್ತ ದೊರೆ. ಇದು ಹತ್ತನೇ ಕ್ಲಾಸಿನ ಮಗುವಿಗೆ ಗೊತ್ತಾಗಬೇಡವಾ?

ಇವೆಲ್ಲ ಎಷ್ಟೋ ಕಾಲ ಆದಮೇಲೆ ಬರೆದಿಟ್ಟ ಕಥೆಗಳು ಅನ್ನುವವರು ಇದ್ದೀರಿ. ಹೌದು, ಪೈಗಂಬರರ ಚರಿತ್ರೆ ಬರೆದ ಇಬ್ನ್ ಇಸ್‌ಹಾಕ್ ತೀರಿಕೊಂಡಿದ್ದು 767ರ ಹೊತ್ತಿಗೆ. ನಮ್ಮ ಹನ್ನೆರಡನೇ ಶತಮಾನದ ಶರಣರ ಮಾತುಕತೆಯನ್ನು ಒಂದೆಡೆ ಸೇರಿಸಿ ಕಟ್ಟಿದ್ದು ಹದಿನೈದನೇ ಶತಮಾನದಲ್ಲಿ. ಅದಕ್ಕೇ ಅನುಭವ ಮಂಟಪದ ಮಾತು ಬಿಟ್ಟಿದ್ದೀವಾ? ಇಲ್ಲ. ಮುಸ್ಲಿಮರು ಹೀಗೆ ನೆನಪಿಟ್ಟುಕೊಂಡಿದ್ದಾರೆ ಅಂತ ಹೇಳಿಯೇ ಕಲಿಸೋಣ. ಯುದ್ಧಗಳನ್ನೂ ಮುಚ್ಚಿಡುವುದು ಬೇಡ. 624ರ ಬದ್ರ್ ಇರಲಿ. ಆದರೆ ಅದಕ್ಕೂ ಮುಂಚೆ ಮೆಕ್ಕಾದಲ್ಲಿ ವರ್ಷಗಟ್ಟಲೆ ಕಲ್ಲೇಟು, ಹಸಿವು, ಬಹಿಷ್ಕಾರ ತಿಂದ ಜನ ಇದ್ದರಲ್ಲ, ಅವರನ್ನು ಮೊದಲು ಹೇಳಿ.

ನನ್ನ ಸಿಟ್ಟು ಬರೀ ಗೈಡ್ ಮೇಲಲ್ಲ. ನಾನೂ ಇಪ್ಪತ್ತು ವರ್ಷ ಹೀಗೇ ಪಾಠ ಮಾಡಿದ್ದೀನಿ. ಒಂದು ಸಲ ಮುಂದಿನ ಬೆಂಚಿನ ಹುಡುಗಿ, ಮನೆಯಲ್ಲಿ ಅಜ್ಜಿ ಹೇಳಿದ್ದ ಖದೀಜಾರ ಕಥೆ ಮನಸ್ಸಲ್ಲಿ ಇಟ್ಟುಕೊಂಡು, ಎದ್ದು ನಿಂತು ಕೇಳಿದಳು: "ಟೀಚರ್, ಮಧ್ಯ ಐವತ್ತೆರಡು ವರ್ಷ ಏನಾಯ್ತು?" ನಾನು ಬೋರ್ಡ್ ಕಡೆ ತಿರುಗಿಕೊಂಡೇ "ಅದು ಪೋರ್ಷನ್‌ನಲ್ಲಿ ಇಲ್ಲ, ಕೂತ್ಕೋ" ಅಂದೆ. ಆಮೇಲೆ ಅವಳು ವರ್ಷವಿಡೀ ನನ್ನ ಕ್ಲಾಸಿನಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನಿನ್ನೆ ಹುಡುಗನನ್ನು ಕೂರಿಸಿಕೊಂಡು ಅಬಿಸೀನಿಯಾ ಕಥೆ ಪೂರ್ತಿ ಹೇಳಿದೆ. ನಿದ್ದೆ ಹೊತ್ತು ಮೀರಿದರೂ ಏಳಲಿಲ್ಲ. ಇವತ್ತು ಸಂಜೆ ಮೆಕ್ಕಾ ಹತ್ತಿರದ ತಾಯಿಫ್ ಊರಿನ ಕಥೆ. ಕಲ್ಲೇಟು ತಿಂದು ರಕ್ತ ಸೋರುತ್ತಾ ತೋಟದಲ್ಲಿ ಕೂತಿದ್ದ ಪೈಗಂಬರರಿಗೆ ಅದ್ದಾಸ್ ಅನ್ನುವ ಕ್ರೈಸ್ತ ಗುಲಾಮ ಒಂದು ಗೊಂಚಲು ದ್ರಾಕ್ಷಿ ತಂದುಕೊಟ್ಟ ಕಥೆ.