ಟೈಮಿಗೆ ಮನೆಗೆ ಹೋಗೋ ಡಾಕ್ಟ್ರು

"ಈಗಿನ ಹುಡುಗ್ರಿಗೆ ಡೆಡಿಕೇಶನ್ನೇ ಇಲ್ಲ ಸಿಸ್ಟರ್, ಗಂಟೆ ಹೊಡೆದ್ರೆ ಬ್ಯಾಗ್ ಹಾಕ್ಕೊಂಡು ಹೊರಡ್ತಾರೆ" ಅಂತ ಹಿರಿಯ ಡಾಕ್ಟ್ರುಗಳು ಹೇಳೋದನ್ನ ಕೇಳಿ ಕೇಳಿ ಸಾಕಾಗಿ ಇದನ್ನ ಬರೀತಿದೀನಿ. ನಮ್ಮ ದಾವಣಗೆರೆಯಲ್ಲಿ 1965ರಿಂದ ಮೆಡಿಕಲ್ ಕಾಲೇಜು ಐತೆ, ಹಂಗಾಗಿ ಪಾಠ ಹೇಳಿದ ಸರ್ರು, ಅವರ ಹತ್ರ ಕಲಿತೋರು, ಅವರ ಹತ್ರ ಈಗ ಕಲಿಯೋ ಪಿಜಿ ಹುಡುಗ್ರು (ಎಂಬಿಬಿಎಸ್ ಮುಗಿಸಿ ಮುಂದೆ ಓದೋರು) ಮೂರೂ ತಲೆಮಾರು ಒಂದೇ ವಾರ್ಡಲ್ಲಿ ಸಿಗ್ತಾರೆ. ಸ್ಟಾಫ್ ನರ್ಸ್ ಆಗಿ ನಾನು ಮೂವರ ಜೊತೆನೂ ಕೆಲಸ ಮಾಡಿದೀನಿ.

ಹಳಬರದ್ದು ದೊಡ್ಡ ಗುಣ ಐತೆ, ಇಲ್ಲ ಅನ್ನಲ್ಲ. ಜಗಳೂರು ಕಡೆಯಿಂದ ಬಂದ ಅಜ್ಜನ ಹೊಟ್ಟೆ ಮೇಲೆ ಕೈ ಇಟ್ಟು, ಈ ಸಲ ಮೆಕ್ಕೆಜೋಳ ಹೆಂಗೆ ಬಂತಪ್ಪ ಅಂತ ಮಾತಾಡಿಸ್ತಾನೇ ಎಲ್ಲಿ ನೋಯ್ತೈತೆ ಅಂತ ಹಿಡಿದುಬಿಡ್ತಿದ್ರು. ಆದ್ರೆ ಅದೇ ಕಾಲದಲ್ಲಿ ಕ್ಯಾನ್ಸರ್ ಅಂತ ಮಗನಿಗೆ ಹೊರಗೆ ಕರೆದು ಹೇಳೋರು, ಕಾಯಿಲೆ ಇರೋ ಆ ತಾಯಿಗೆ ಕೊನೇತನಕ ಗೊತ್ತಿರ್ತಿರಲಿಲ್ಲ. ಕೇಸ್ ಶೀಟ್ ಎಲ್ಲರ ಎದುರು ಜೂನಿಯರ್ ಮುಖಕ್ಕೆ ಎಸೆದ್ರೂ ಅದಕ್ಕೆ ಟ್ರೇನಿಂಗ್ ಅನ್ನೋರು.

ಮತ್ತೆ ಈ ನಿದ್ದೆ ವಿಷಯ. ನಾವು 36 ತಾಸು ನಿಂತಿದ್ವಿ ಅಂತ ಹೆಮ್ಮೆಯಿಂದ ಹೇಳ್ತಾರಲ್ಲ, 1992ರಲ್ಲೇ ಕೇಂದ್ರ ಸರ್ಕಾರ ರೆಸಿಡೆಂಟ್ ಡಾಕ್ಟರುಗಳಿಗೆ, ಅಂದ್ರೆ ಹಿಂಗೆ ಡ್ಯೂಟಿ ಮಾಡ್ತಾ ಕಲಿಯೋರಿಗೆ, ದಿನಕ್ಕೆ 12, ವಾರಕ್ಕೆ 48 ಗಂಟೆ ಅಂತ ಹೇಳಿತ್ತು. 2024ರಲ್ಲಿ ಡಾಕ್ಟ್ರು ಓದು ನೋಡ್ಕೊಳ್ಳೋ ನ್ಯಾಷನಲ್ ಮೆಡಿಕಲ್ ಕಮಿಷನ್ನಿನ ಟಾಸ್ಕ್ ಫೋರ್ಸ್ ಮತ್ತೆ ಕೂತು ವಾರಕ್ಕೆ 74 ಗಂಟೆ ಮೀರಬಾರ್ದು, ಒಂದು ದಿನ ರಜೆ ಕೊಡಿ ಅಂತು, ಅಂದ್ರೆ ಮೂವತ್ತು ವರ್ಷ ಕಳೆದ ಮೇಲೆ ಕೇಳಿದ್ದೇ ಮೊದಲಿಗಿಂತ ಜಾಸ್ತಿ ಗಂಟೆ! ಹಿಂದಿನ ದಿನದಿಂದ ಡ್ಯೂಟಿಯಲ್ಲೇ ಇದ್ದ ಒಬ್ಬ ಪಿಜಿ ಹುಡುಗ ಇನ್ಸುಲಿನ್ ಆರ್ಡರ್ ಬರೆದಿದ್ದ, 4 ಯೂನಿಟ್ ಅನ್ನೋದಕ್ಕೆ ಚಿಕ್ಕದಾಗಿ ಬರೆಯೋ ಇಂಗ್ಲಿಷ್ 'ಯೂ' ಅಕ್ಷರದ ಬಾಯಿ ಮುಚ್ಚಿಕೊಂಡು ಸೊನ್ನೆ ಆಗಿತ್ತು, ಓದಿದ್ರೆ 40. ನಮ್ಮ ಸಿಸ್ಟರಿಗೆ ಅನುಮಾನ ಬಂದು ಹೋಗಿ ಕೇಳಿದಳು, ಸರಿ ಹೋಯ್ತು. ಅವನಿಗೆ ನಿಷ್ಠೆ ಕಮ್ಮಿ ಇತ್ತಾ? ಕಣ್ಣೇ ಬಿಡಕ್ಕಾಗ್ತಿರಲಿಲ್ಲ ಪಾಪ.

ನನ್ನ ಪ್ರಕಾರ ಡಾಕ್ಟ್ರು ಎಷ್ಟು ಗಂಟೆ ಇದ್ರು ಅಂತ ಲೆಕ್ಕ ಹಾಕೋದಕ್ಕಿಂತ ಹೋಗೋವಾಗ ಪೇಶಂಟನ್ನ ಹೆಂಗೆ ಒಪ್ಪಿಸಿ ಹೋದ್ರು ಅಂತ ನೋಡಬೇಕು. ಮೆಡಿಸಿನ್ ವಾರ್ಡಲ್ಲಿ ಒಬ್ಬ ಹುಡುಗಿ ಇದ್ಲು, ರಾತ್ರಿ ಎಂಟಕ್ಕೆ ಡ್ಯೂಟಿ ಮುಗೀತು ಅಂದ್ರೆ ಮುಂದಿನವನನ್ನ ಕರ್ಕೊಂಡು ಬೆಡ್ಡಿಂದ ಬೆಡ್ಡಿಗೆ ಹೋಗೋಳು. ಇವರ ಪೊಟ್ಯಾಸಿಯಂ ರಿಪೋರ್ಟ್ ಲ್ಯಾಬಿಂದ ಬರಬೇಕು, ಒಂಬತ್ತಾದ್ರೂ ಬರದಿದ್ರೆ ಫೋನ್ ಮಾಡು, ಇವರಿಗೆ ಯೂರಿನ್ ಕಮ್ಮಿ ಆಗ್ತೈತೆ ಬ್ಯಾಗ್ ನೋಡ್ತಿರು ಅಂತ ಒಂದೊಂದೂ ಹೇಳಿ, ಆಮೇಲೆ "ಅಜ್ಜಾ, ನಾನು ಹೋಗ್ ಬರ್ತೀನಿ, ರಾತ್ರಿ ಇವರು ನೋಡ್ಕೋತಾರೆ" ಅನ್ನೋಳು. "ಆತು ಹೋಗ್ ಬಾರವ್ವ, ಊಟ ಮಾಡು" ಅಂತಿದ್ದ ಅಜ್ಜ. ಅದೇ, ರಾತ್ರಿ ಹಗಲು ಆಸ್ಪತ್ರೆಲೇ ಇರ್ತಾರೆ ಅಂತ ಹೆಸರಾಗಿದ್ದ ಒಬ್ಬ ದೊಡ್ಡ ಡಾಕ್ಟ್ರು ಯಾವ ಮಾತ್ರೆ ಯಾಕೆ ಬದಲು ಮಾಡಿದ್ರು ಅಂತ ಬರೀತಾನೇ ಇರಲಿಲ್ಲ, ಎಲ್ಲಾ ತಲೇಲಿ. ಅವರು ಮದುವೆಗೆ ಅಂತ ಊರು ಬಿಟ್ರೆ ಇಡೀ ವಾರ್ಡಿಗೆ ದಿಕ್ಕೇ ತೋಚ್ತಿರಲಿಲ್ಲ.

ಹೊಸಬರದ್ದೆಲ್ಲಾ ಸರಿ ಅಂತಾನೂ ಅಲ್ಲ. 2024ರಲ್ಲಿ ಇಲ್ಲೇ ಭರಮಸಾಗರದ ಸರ್ಕಾರಿ ಆಸ್ಪತ್ರೆ ಆಪರೇಶನ್ ಥಿಯೇಟರಲ್ಲಿ ಪ್ರೀ ವೆಡ್ಡಿಂಗ್ ಶೂಟ್ ಮಾಡಿ ಒಬ್ಬ ಡಾಕ್ಟ್ರು ಕೆಲಸ ಕಳ್ಕೊಂಡ್ರಲ್ಲ, ಅದನ್ನ ಯಾವ ಬಾಯಲ್ಲಿ ಸಮರ್ಥನೆ ಮಾಡೋದು? ವಾರ್ಡಲ್ಲಿ ನಿಂತು ರೀಲ್ಸ್ ಮಾಡೋರನ್ನ ನೋಡಿದ್ರೆ ನನಗೆ ಮೈ ಉರಿಯುತ್ತೆ, ಹಿಂದೆ ಮಲಗಿರೋ ಪೇಶಂಟ್ ಮುಖ ಊರಿಗೆಲ್ಲಾ ಕಾಣ್ತಿರುತ್ತೆ. ಹಂಗಂತ ಹಳಬರು ತೀರಾ ಬೀಗೋದೂ ಬೇಡ, ಔಷಧಿ ಕಂಪನಿಯವರಿಂದ ಗಿಫ್ಟು, ಟೂರು ತಗೋಬಾರ್ದು ಅಂತ 2009ರಲ್ಲಿ ನಿಯಮ ತಿದ್ದಿದ್ದು ಈ ಹುಡುಗ್ರನ್ನ ನೋಡಿ ಅಲ್ಲ, ಆಗ ಇವರು ಸ್ಕೂಲಲ್ಲಿದ್ರು.

ನಮ್ಮ ವಿಭಾಗದ ಮುಖ್ಯಸ್ಥರಾದ ಎಚ್‌ಓಡಿ ಸರ್‌ಗಳಲ್ಲಿ ನಾನು ಕೇಳೋದು ಇಷ್ಟೇ, ಎರಡು ಶಿಫ್ಟ್ ನಡುವೆ ಅರ್ಧ ಗಂಟೆ ಇಬ್ಬರೂ ವಾರ್ಡಲ್ಲಿ ಇರೋ ಹಂಗೆ ರೋಸ್ಟರ್ ಹಾಕಿ, ಆ ಅರ್ಧ ಗಂಟೆನೂ ಡ್ಯೂಟಿ ಲೆಕ್ಕಕ್ಕೇ ಬರಲಿ, ಏನು ಒಪ್ಪಿಸಿದ್ರು ಅಂತ ಒಂದು ಬುಕ್ಕಲ್ಲಿ ಬರೆಸಿ, ಸಿಸ್ಟರ್‌ಗಳನ್ನೂ ಆಗ ಜೊತೆಗೆ ಕರೀರಿ. ಆಮೇಲೆ ಆ ಹುಡುಗ್ರು ಬ್ಯಾಗ್ ಹಾಕ್ಕೊಂಡು ಹೊರಟ್ರೆ ದಯವಿಟ್ಟು ಹಿಂದಿಂದ ಏನೂ ಅನ್ನಬೇಡಿ.