ಬೋವಾದ ಅಜ್ಜಿ, ನಮ್ಮ ಮನೆಯ ಕನ್ನಡ

ಇಟಲಿಯ ನಕ್ಷೆಯಲ್ಲಿ ಬೂಟಿನ ತುದಿಗೆ ಬನ್ನಿ. ಅದು ಕಲಾಬ್ರಿಯಾ. ಅಲ್ಲಿನ ಆಸ್ಪ್ರೊಮೊಂತೆ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ, ಬೋವಾ ಎಂಬ ಊರಿದೆ. ಈಗ ಅಲ್ಲಿರುವವರು ಸುಮಾರು 400 ಜನ. ಊರಿನ ಫಲಕದಲ್ಲಿ ಎರಡು ಹೆಸರಿವೆ. ಒಂದು ಇಟಾಲಿಯನ್ನರ ಬೋವಾ. ಇನ್ನೊಂದು ಗ್ರೀಕರ ಹೋರಾ ತು ವೂಆ. ಇಟಲಿಯ ಮೂಲೆಯಲ್ಲಿ ಗ್ರೀಕ್ ಎಲ್ಲಿಂದ ಬಂತು ಅಂತ ಅನ್ನಿಸುತ್ತದೆ ಅಲ್ವಾ? ಈ ಬೆಟ್ಟದವರ ಮನೆಮಾತೇ ಗ್ರೀಕ್ ಆಗಿತ್ತು. ಅದರ ಇಲ್ಲಿನ ಹೆಸರು ಗ್ರೀಕೊ. ಒಂದು ಕಾಲಕ್ಕೆ ಹಟ್ಟಿಯಿಂದ ಚರ್ಚಿನವರೆಗೂ ಅದೇ ಮಾತು. 1570ರ ದಶಕದವರೆಗೆ ಇಲ್ಲಿ ಪೂಜೆಯೂ ಗ್ರೀಕ್ ಪದ್ಧತಿಯಲ್ಲೇ ನಡೆಯುತ್ತಿತ್ತು. ಇವತ್ತು ಅದನ್ನು ಸಲೀಸಾಗಿ ಆಡಬಲ್ಲವರು ಇಡೀ ಸೀಮೆಯಲ್ಲಿ ಕೆಲವೇ ನೂರು ಜನ. ಅವರಲ್ಲೂ ಜಾಸ್ತಿ ವಯಸ್ಸಾದವರೇ.

ನಾವಿರುವುದು ಉತ್ತರದ ಟುರಿನ್‌ನಲ್ಲಿ. ನಮ್ಮ ಕಟ್ಟಡದ ಹಿರಿಯರಲ್ಲಿ ಎಷ್ಟೋ ಜನ ದಕ್ಷಿಣದವರು. 1950, 60ರ ದಶಕಗಳಲ್ಲಿ ಫಿಯಾಟ್ ಕಾರ್ಖಾನೆಯ ಕೆಲಸ ಹುಡುಕಿಕೊಂಡು ರೈಲು ಹತ್ತಿ ಬಂದವರು. ಆಗ ಈ ಊರಿನಲ್ಲಿ 'ದಕ್ಷಿಣದವರಿಗೆ ಮನೆ ಬಾಡಿಗೆಗಿಲ್ಲ' ಅಂತ ಬೋರ್ಡು ನೇತುಹಾಕುತ್ತಿದ್ದರು. ಕೆಳಗಿನ ಮನೆಯ ಯಜಮಾನರು ಬೋವಾ ಕಡೆಯವರು. 'ಈಸ್ಟರ್‌ಗೆ ಒಂದು ವಾರ ಮುಂಚೆ, ಗರಿಗಳ ಭಾನುವಾರಕ್ಕೆ ಹೋಗಿ, ಆಗ ಊರು ತುಂಬಿರುತ್ತೆ' ಎಂದು ಒತ್ತಾಯ ಮಾಡಿದ್ದು ಅವರೇ.

ಸಮುದ್ರದ ದಡದಲ್ಲಿ ಬೋವಾ ಮರೀನಾ ಸ್ಟೇಷನ್ ಇದೆ. ಅಲ್ಲಿ ಇಳಿದರೆ ಮುಂದೆ ಘಾಟಿ ರಸ್ತೆ. ಒಂದು ಕಡೆ ಅಮೆಂಡೊಲೆಯಾ ಹೊಳೆಯ ಕಣಿವೆ ಕಾಣುತ್ತದೆ. ಬೇಸಿಗೆಯಲ್ಲಿ ನೀರಿಗಿಂತ ಕಲ್ಲೇ ಜಾಸ್ತಿ ಇರುವ ಅಗಲವಾದ ಪಾತ್ರ. ಕೆಳಗೆ ಬೆರ್ಗಮೊಟ್ ತೋಟಗಳು. ಸುಗಂಧದ್ರವ್ಯಕ್ಕೆ ಬಳಸುವ ಈ ನಿಂಬೆ ಜಾತಿಯ ಹಣ್ಣಿನ ಬಹುಪಾಲು ಬೆಳೆ ಇಡೀ ಜಗತ್ತಿಗೆ ಬರುವುದು ಈ ಕರಾವಳಿಯಿಂದಲೇ. ಊರಿನ ನೆತ್ತಿಯಲ್ಲಿ ಹಾಳುಬಿದ್ದ ಕೋಟೆ. ಆಕಾಶ ತಿಳಿಯಾಗಿದ್ದರೆ ಅಲ್ಲಿಂದ ಸಿಸಿಲಿಯ ಎಟ್ನಾ ಜ್ವಾಲಾಮುಖಿ ಕಾಣುತ್ತದೆ.

ಊರಿನ ಬಯಲಿನಲ್ಲಿ ಒಂದು ಉಗಿಬಂಡಿ ಎಂಜಿನ್ ನಿಂತಿದೆ. ಈ ಬೆಟ್ಟಕ್ಕೆ ರೈಲು ಹಳಿ ಯಾವತ್ತೂ ಬಂದಿಲ್ಲ. ಊರಿನಿಂದ ಹೋಗಿ ರೈಲ್ವೆಯಲ್ಲಿ ದುಡಿದವರ ಗೌರವಕ್ಕೆ ಅದನ್ನು ತಂದು ನಿಲ್ಲಿಸಿದ್ದಾರೆ. ನನಗೆ ಇದು ತುಂಬಾ ಹಿಡಿಸಿತು. ನಮ್ಮ ಊರುಗಳಲ್ಲಿ ಹೊರಗೆ ಹೋದವನನ್ನು ಜನ ನೆನೆಯುವುದು ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟ ದೇಣಿಗೆಯ ಕಲ್ಲಿನಲ್ಲಿ. ಎಷ್ಟು ಸಾವಿರ, ಯಾರ ಸ್ಮರಣಾರ್ಥ ಅಂತ ಬರೆದಿರುತ್ತದೆ. ಇಲ್ಲಿ ದುಡ್ಡಿನ ಲೆಕ್ಕವಿಲ್ಲ. ಅವರು ಮಾಡಿದ ಕೆಲಸವನ್ನೇ ಊರ ನಡುವೆ ಇಟ್ಟಿದ್ದಾರೆ.

ಗರಿಗಳ ಭಾನುವಾರದ ಹಬ್ಬವನ್ನು ಕಣ್ಣಾರೆ ನೋಡಬೇಕು. ಊರಿನವರು ಆಲಿವ್ ಎಲೆಗಳನ್ನು ಒಂದೊಂದಾಗಿ ಹೆಣೆದು ಹೆಂಗಸಿನ ಗೊಂಬೆಗಳನ್ನು ಮಾಡುತ್ತಾರೆ. ಒಳಗೆ ಜೊಂಡಿನ ಕಡ್ಡಿ, ಮೇಲೆ ಹಸಿರೆಲೆಯ ಜಡೆಯಂಥ ನೇಯ್ಗೆ, ಅದಕ್ಕೆ ಹೂವು, ಹಣ್ಣಿನ ಸಿಂಗಾರ. ದೊಡ್ಡ ಗೊಂಬೆಗಳು ತಾಯಂದಿರು, ಸಣ್ಣವು ಹೆಣ್ಣುಮಕ್ಕಳು. ಮೆರವಣಿಗೆಯಲ್ಲಿ ಹೊತ್ತು ಚರ್ಚಿಗೆ ಒಯ್ಯುತ್ತಾರೆ. ಆಶೀರ್ವಾದ ಆದಮೇಲೆ ಅಲ್ಲೇ ಬಿಚ್ಚಿ, ಎಲೆಯ ಹೆಣಿಗೆಗಳನ್ನು ಜನರಿಗೆ ಹಂಚುತ್ತಾರೆ. ಕ್ರಿಸ್ತನಿಗಿಂತ ಹಳೆಯ ಬೆಳೆದೇವತೆಯ ನೆನಪು ಇದರಲ್ಲಿದೆ ಎಂದು ಅಲ್ಲಿನವರು ನಂಬುತ್ತಾರೆ. ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನು. ಭೂಮಿ ಹುಣ್ಣಿಮೆಗೆ ನಮ್ಮಲ್ಲಿ ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದು, ಗದ್ದೆಗೆ ಹೊತ್ತುಕೊಂಡು ಹೋಗುತ್ತಾರೆ. ಬಸುರಿ ಭೂಮಿಗೆ ಬಯಕೆ ಊಟ. ಬೋವಾದ ಮೆರವಣಿಗೆಯಲ್ಲಿ ನಿಂತಾಗ ನನ್ನ ಹೆಂಡತಿಯೂ ನಾನೂ ಒಟ್ಟಿಗೇ ಆ ಬುಟ್ಟಿಯ ಮಾತೆತ್ತಿದೆವು.

ಗೊಂಬೆ ಹೊತ್ತವರಲ್ಲಿ ಮಕ್ಕಳೂ ಇದ್ದರು. ಮುಖದಲ್ಲಿ ಖುಷಿ, ಕೈಯಲ್ಲಿ ಜೋಪಾನ. ಆದರೆ ಆ ಬೀದಿಯಲ್ಲಿ ನನ್ನ ಕಿವಿಗೆ ಬಿದ್ದದ್ದೆಲ್ಲ ಇಟಾಲಿಯನ್, ಇಲ್ಲವೇ ಕಲಾಬ್ರಿಯಾದ ಆಡುನುಡಿ. ಹಬ್ಬ ಉಳಿದಿದೆ. ಹಬ್ಬ ಹುಟ್ಟಿದ ಮಾತು ಮಾತ್ರ ಬೀದಿಗಿಳಿದಿಲ್ಲ.

ಆಮೇಲೆ ಒಂದು ಸಣ್ಣ ಅಂಗಡಿಗೆ ಹೋದೆವು, ಲೆಸ್ಟೊಪಿಟ್ಟಾ ತಿನ್ನಲು. ಇದು ಇಲ್ಲಿನ ವಿಶೇಷ ತಿಂಡಿ. ಹಿಟ್ಟು, ನೀರು ಕಲಸಿ, ತೆಳ್ಳಗೆ ಲಟ್ಟಿಸಿ, ಆಲಿವ್ ಎಣ್ಣೆಯಲ್ಲಿ ಕರಿಯುತ್ತಾರೆ. ಉಬ್ಬದ ಪೂರಿ ಅಂದುಕೊಳ್ಳಿ. ಬಿಸಿಯಿದ್ದಾಗಲೇ ಸುತ್ತಿಕೊಂಡು ತಿನ್ನಬೇಕು. ಕರಿಯುತ್ತಿದ್ದ ಹೆಂಗಸು ನಮ್ಮೊಡನೆ ಇಟಾಲಿಯನ್ ಆಡಿದರು. ಮೂಲೆಯಲ್ಲಿ ಅವರ ಅತ್ತೆ ಕೂತಿದ್ದರು. ಸಾದಾ ಸ್ವೆಟರ್, ಮಡಿಲಲ್ಲಿ ಬಿಡಿಸುತ್ತಿದ್ದ ಹಸಿ ಬೀನ್ಸ್. ಏಳೆಂಟು ವರ್ಷದ ಮೊಮ್ಮಗಳು ಬಾಗಿಲಲ್ಲಿ ಆಡುತ್ತಿದ್ದಳು. ಅಜ್ಜಿ ಅವಳನ್ನು 'ಎಲಾ, ಎಲಾ' ಅಂತ ಕರೆದರು. ಬಾ ಅಂತ. ಹುಡುಗಿ ತಿರುಗದೆಯೇ ಇಟಾಲಿಯನ್‌ನಲ್ಲಿ 'ಬಂದೆ ಅಜ್ಜಿ' ಎಂದಳು. ಅಜ್ಜಿಯೂ ಮುಂದಿನ ಮಾತನ್ನು ಇಟಾಲಿಯನ್‌ಗೆ ಹೊರಳಿಸಿಕೊಂಡರು. ಎರಡು ಕ್ಷಣದ ಕೆಲಸ ಇದು. ಇದನ್ನು ನಾನು ಟುರಿನ್, ಮ್ಯೂನಿಕ್, ಲಂಡನ್‌ನ ಕನ್ನಡ ಮನೆಗಳಲ್ಲಿ ಎಷ್ಟು ಸಲ ನೋಡಿದ್ದೇನೋ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲೂ ನೋಡಿದ್ದೇನೆ. 'ಬಾ ಪುಟ್ಟಾ' ಅಂದರೆ ಇಂಗ್ಲಿಷಿನಲ್ಲಿ ಉತ್ತರ. ಅಜ್ಜಿ ತನಗೆ ಬರುವ ನಾಲ್ಕು ಇಂಗ್ಲಿಷ್ ಪದಗಳನ್ನು ಹುಡುಕತೊಡಗುತ್ತಾರೆ. ಮಗುವಿಗಾಗಿ ಹಿರಿಯರೇ ತಮ್ಮ ಮಾತು ಬಿಟ್ಟುಕೊಡುವ ಆ ಘಳಿಗೆ ನನಗೆ ನೋವು ಕೊಡುತ್ತದೆ.

ಗ್ರೀಕೊ ಹೀಗೇಕಾಯಿತು? ಬಡತನ, ವಲಸೆ ಇದ್ದೇ ಇವೆ. ಮುಸೊಲಿನಿಯ ಕಾಲದಲ್ಲಿ ಇಟಾಲಿಯನ್ ಬಿಟ್ಟು ಬೇರೆ ಮಾತಿಗೆ ಶಾಲೆಯಲ್ಲಿ ಜಾಗ ಇರಲಿಲ್ಲ. ಕೆಳಗಿನ ಪಟ್ಟಣದವರು ಬೆಟ್ಟದವರನ್ನು ಗಮಾರರೆಂದು ಹಂಗಿಸುತ್ತಿದ್ದರು. ಇದರ ಫಲ ಏನೆಂದು ನಮ್ಮ ಕೆಳಗಿನ ಮನೆಯ ಯಜಮಾನರ ಬಾಯಲ್ಲೇ ಕೇಳಬೇಕು: 'ಅಪ್ಪ ಅಮ್ಮ ಅವರವರೊಳಗೆ ಗ್ರೀಕೊ ಆಡುತ್ತಿದ್ದರು. ನಮ್ಮ ಹತ್ತಿರ ಮಾತ್ರ ಆಡುತ್ತಿರಲಿಲ್ಲ. ನಮಗೆ ಒಳ್ಳೆಯದಾಗಲಿ ಅಂತಲೇ ಹಾಗೆ ಮಾಡಿದರು.' ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪ ಅಮ್ಮ ಕೆಟ್ಟವರೂ ಅಲ್ಲ. ಮಗು ಹಂಗಿಸಿಕೊಳ್ಳಬಾರದು ಅಂತ ಪ್ರೀತಿಯಿಂದಲೇ ಒಂದು ಭಾಷೆಯ ಬಾಗಿಲು ಹಾಕಿದರು.

ಇನ್ನೊಂದು ಕಾರಣ ನೀರು. ಹತ್ತಿರದ ರೊಗೂದಿ ಎಂಬ ಊರು ಗ್ರೀಕೊ ಗಟ್ಟಿಯಾಗಿ ಉಳಿದಿದ್ದ ಜಾಗ. 1971ರಲ್ಲಿ, ಮತ್ತೆ 1973ರಲ್ಲಿ ಮಳೆ ಪ್ರವಾಹಗಳಿಗೆ ಸಿಕ್ಕಿ ಊರು ಖಾಲಿಯಾಯಿತು. ಜನ ಚೆದುರಿದರು. ಕೊನೆಗೆ ಕರಾವಳಿಯ ಮೆಲಿತೊ ಪಟ್ಟಣದ ಬಳಿ ಹೊಸ ರೊಗೂದಿ ಕಟ್ಟಿಕೊಟ್ಟರು. ಹೊಸ ಮನೆ ಸಿಕ್ಕಿತು, ಆದರೆ ಸುತ್ತಲೂ ಬೇರೆ ಮಾತು. ಸಾಗರದವನಾದ ನನಗೆ ಇದನ್ನು ಓದುವಾಗ ಶರಾವತಿ ನೆನಪಾಗದೆ ಇರುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಮುಳುಗಡೆ ಜನರನ್ನು ಲಾರಿಗಳಲ್ಲಿ ತುಂಬಿ ಕಾಡಿನ ನಡುವೆ ಇಳಿಸಿದ ಕತೆ ನಮ್ಮ ಕಡೆ ಮನೆಮನೆಯಲ್ಲಿದೆ. ಭೂಮಿಯ ಹಕ್ಕಿಗಾಗಿ ಆ ಕುಟುಂಬಗಳು ದಶಕಗಟ್ಟಲೆ ಅಲೆದಿವೆ. ಅವರು ಕಳೆದುಕೊಂಡದ್ದು ಕಡಿಮೆಯಲ್ಲ. ಆದರೂ ಇಳಿದ ಕಡೆ ಕನ್ನಡವೇ ಇತ್ತು, ಮಕ್ಕಳು ಹೋದ ಶಾಲೆ ಕನ್ನಡದ್ದೇ. ರೊಗೂದಿಯವರಿಗೆ ಊರಿನ ಜೊತೆಗೆ ಮಾತೂ ಹೋಯಿತು.

ಗ್ರೀಕೊಗೆ ವಿದ್ವಾಂಸರು ಇರಲಿಲ್ಲ ಅಂತಲ್ಲ. ಗೆರ್ಹಾರ್ಡ್ ರೋಲ್ಫ್ಸ್ ಎಂಬ ಜರ್ಮನ್ ಭಾಷಾಪಂಡಿತರು 1920ರ ದಶಕದಿಂದಲೇ ಈ ಊರುಗಳನ್ನು ಸುತ್ತಿ, ಕುರುಬರ ಜೊತೆ ಕೂತು ಪದ ಬರೆದುಕೊಂಡರು. 1930ರಲ್ಲಿ ದಕ್ಷಿಣ ಇಟಲಿಯ ಗ್ರೀಕಿಗೆ ನಿಘಂಟು ತಂದರು. ಇದು ಮಧ್ಯಯುಗದ ಬೈಜಾಂಟಿಯಂ (ಪೂರ್ವ ರೋಮನ್) ಸಾಮ್ರಾಜ್ಯದ ಕಾಲದಲ್ಲಿ ಬಂದ ಮಾತು ಎಂದು ಇಟಲಿಯ ಹಲವು ಪಂಡಿತರು ವಾದಿಸಿದರೆ, ಪ್ರಾಚೀನ ಗ್ರೀಕ್ ವಸಾಹತುಗಳಿಂದಲೇ ಎಡೆಬಿಡದೆ ಬಂದದ್ದು ಎಂದರು ರೋಲ್ಫ್ಸ್. ಬೋವಾದಲ್ಲಿ ಈಗ ಅವರ ಹೆಸರಿನ ಭಾಷಾ ಮ್ಯೂಸಿಯಂ ಇದೆ. ನಮಗೂ ಒಬ್ಬ ಜರ್ಮನ್ ನಿಘಂಟು ಕೊಟ್ಟರು ಅಲ್ವಾ, ಕಿಟೆಲ್, 1894ರಲ್ಲಿ. ಕಿಟೆಲರ ಪುಸ್ತಕವನ್ನು ತೆರೆದು ನೋಡುವವರು ಇವತ್ತಿಗೂ ಇದ್ದಾರೆ, ಯಾಕೆಂದರೆ ಹೊರಗೆ ಕನ್ನಡ ಆಡುವ ಕೋಟಿಗಟ್ಟಲೆ ಜನ ಇದ್ದಾರೆ. ರೋಲ್ಫ್ಸರ ಕೆಲಸವೂ ಅಷ್ಟೇ ದೊಡ್ಡದು. ಆದರೆ ಅವರು ಬರೆದಿಟ್ಟ ಪದಗಳನ್ನು ಆಡುವ ಬಾಯಿಗಳು ಅವರ ಕಣ್ಣೆದುರೇ ಕಡಿಮೆಯಾಗುತ್ತ ಹೋದವು.

ಕಾನೂನೂ ಇದೆ. ಭಾಷಾ ಅಲ್ಪಸಂಖ್ಯಾತರನ್ನು ಕಾಪಾಡುತ್ತೇವೆ ಎಂದು ಇಟಲಿಯ ಸಂವಿಧಾನದ 6ನೇ ವಿಧಿ 1948ರಲ್ಲೇ ಮಾತುಕೊಟ್ಟಿತು. ಅದನ್ನು ಜಾರಿಗೆ ತರುವ 482ನೇ ಕಾನೂನು ಬಂದದ್ದು 1999ರಲ್ಲಿ. ಗ್ರೀಕ್ ಸೇರಿ 12 ಭಾಷೆಗಳಿಗೆ ಮಾನ್ಯತೆ ಸಿಕ್ಕಿತು. ಒಂದು ಊರಿನ ಮತದಾರರಲ್ಲಿ ಶೇ 15 ಜನ ಅಥವಾ ಪುರಸಭೆಯ ಮೂರನೇ ಒಂದು ಭಾಗ ಸದಸ್ಯರು ಕೇಳಿದರೆ ಸಾಕು, ಆ ಊರನ್ನು ಭಾಷಾ ರಕ್ಷಣೆಯ ಪಟ್ಟಿಗೆ ಸೇರಿಸಬಹುದು. ಶಾಲೆಯಲ್ಲಿ ಕಲಿಸಬಹುದು, ಕಚೇರಿಯಲ್ಲಿ ಬಳಸಬಹುದು. ಇದು ನನಗೆ ಮೆಚ್ಚುಗೆಯಾದ ದಾರಿ. ಕೊಡವ, ತುಳು, ಕೊರಗ ಮಾತುಗಳ ಬಗ್ಗೆ ನಮ್ಮಲ್ಲಿ ಇಷ್ಟು ಸರಳವಾದ, ಊರುಮಟ್ಟದ ಹಕ್ಕು ಯಾಕಿರಬಾರದು? 2011ರ ಜನಗಣತಿಯಲ್ಲಿ ಕೊಡವ ಮಾತಾಡುವವರು 1.13 ಲಕ್ಷಕ್ಕೂ ಹೆಚ್ಚು. ಗ್ರೀಕೊ ಇರುವ ಯುನೆಸ್ಕೊದ ಅಪಾಯದ ಭಾಷೆಗಳ ಪಟ್ಟಿಯಲ್ಲಿ ಕೊಡವವೂ ಇದೆ, ತುಳುವೂ ಇದೆ. ಕನ್ನಡಕ್ಕೆ ಗೌರವ ಕೇಳುವ ನಾವು ಇವರ ಪರವಾಗಿಯೂ ದನಿ ಎತ್ತಬೇಕು.

ಆದರೆ 1999 ತಡವಾಯಿತು. ಕಾನೂನು ಬರುವ ಹೊತ್ತಿಗೆ ಮನೆಯೊಳಗೆ ಮಾತು ನಿಂತು ಒಂದು ತಲೆಮಾರು ದಾಟಿತ್ತು. ಶಾಲೆಗಳಿಗೆ ಗ್ರೀಕ್ ಬಂತು, ಆದರೆ ಕೆಲವು ಕಡೆ ಬಂದದ್ದು ಅಥೆನ್ಸಿನ ಇವತ್ತಿನ ಗ್ರೀಕ್. ಮಗು ಅದನ್ನು ಕಲಿತು ಬಂದು ಅಜ್ಜಿಯ ಮುಂದೆ ಆಡಿದರೆ ಅದು ಅಜ್ಜಿಯ ಮಾತಲ್ಲ. ಇದೇ ತೊಂದರೆ ನಮ್ಮ ಹೊರನಾಡ ಕನ್ನಡ ತರಗತಿಗಳಲ್ಲೂ ಇದೆ. ನಮ್ಮ ಕನ್ನಡ ಕೂಟದ ಹುಡುಗನೊಬ್ಬ ಹಾಸನದ ಅಜ್ಜಿಗೆ ಫೋನಿನಲ್ಲಿ 'ಅಜ್ಜಿ, ನೀವು ಏನು ಮಾಡುತ್ತಿದ್ದೀರಿ?' ಅಂದ. ಅಜ್ಜಿಗೆ ಖುಷಿಯೇನೋ ಆಯಿತು. 'ರೊಟ್ಟಿ ತಟ್ತಾ ಇವ್ನಿ ಮಗ, ನಿಂದು ಉಂಡಾಯ್ತಾ?' ಅಂದರು. ಹುಡುಗನಿಗೆ ಒಂದು ಮಾತೂ ಹಿಡಿಯಲಿಲ್ಲ. ಅವನು ಕಲಿತದ್ದು ಪುಸ್ತಕದ ಸಾಲು. ಅವನ ಅಜ್ಜಿಯ ಕನ್ನಡವನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಬೋವಾದ ಕಿರಿಯರು ಇದನ್ನು ಅರ್ಥಮಾಡಿಕೊಂಡಿದ್ದಾರೆ. ಬೇಸಿಗೆಯಲ್ಲಿ ಅಲ್ಲಿ ಒಂದು ವಾರದ ಗ್ರೀಕೊ ಶಿಬಿರ ನಡೆಯುತ್ತದೆ. ಹೊರಗೆ ಹೋದ ಮನೆಗಳ ಮಕ್ಕಳೂ ಬರುತ್ತಾರೆ. ಪಾಠದ ಜೊತೆಗೆ ಊರಿನ ಹಿರಿಯರ ಮಾತು ಕೇಳುವುದು ಅದರ ಜೀವ. ಮೂವತ್ತು ವರ್ಷದವರು ತಮ್ಮ ಅಜ್ಜನ ಮಾತನ್ನು ಮೊದಲಿನಿಂದ ಕಲಿಯುತ್ತಿದ್ದಾರೆ. ಎಷ್ಟು ಕಷ್ಟದ ಕೆಲಸ ಯೋಚಿಸಿ. ಮನೆಯಲ್ಲಿ ಸುಮ್ನೆ ಸಿಗಬೇಕಾಗಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಗಳಿಸಬೇಕು.

ಕನ್ನಡಕ್ಕೆ ಆ ಗತಿ ಬರುವುದಿಲ್ಲ, ನಾವು ನಾಲ್ಕು ಕೋಟಿಗೂ ಮೇಲಿದ್ದೇವೆ ಅಂತ ಗೆಳೆಯರು ಹೇಳುತ್ತಾರೆ. ಕರ್ನಾಟಕಕ್ಕೆ ಆ ಲೆಕ್ಕ ಸರಿ. ಟುರಿನ್‌ನ ಎರಡು ಕೋಣೆಯ ಮನೆಯಲ್ಲಿ ನಾಲ್ಕು ಕೋಟಿ ಜನ ಇರುವುದಿಲ್ಲ. ಅಲ್ಲಿರುವುದು ಅಪ್ಪ, ಅಮ್ಮ, ಒಂದು ಮಗು. ಅವರಲ್ಲಿ ಇಬ್ಬರು ಬಿಟ್ಟರೆ ಆ ಮನೆಯಲ್ಲಿ ಕನ್ನಡ ಮುಗಿಯಿತು. ನವೆಂಬರ್ 1ಕ್ಕೆ ಹಾಲ್ ಬಾಡಿಗೆ ಹಿಡಿದು, ಮಕ್ಕಳಿಗೆ ಹಳದಿ ಕೆಂಪು ಶಾಲು ಹೊದಿಸಿ, ಹಾಡು ಕುಣಿತ ಮಾಡಿಸುತ್ತೇವೆ. ಅದು ಬೇಕು, ನಾನೂ ಅದಕ್ಕೆ ಕುರ್ಚಿ ಹೊರುತ್ತೇನೆ. ಆದರೆ ವೇದಿಕೆಯ ಹಿಂದೆ ಅದೇ ಮಕ್ಕಳಿಗೆ ಸಾಲಾಗಿ ನಿಲ್ಲಿ ಅಂತ ಹೇಳುವುದು ಇಂಗ್ಲಿಷಿನಲ್ಲಿ. ನಮ್ಮನ್ನು ಇಲ್ಲಿ ಯಾರೂ ಹಂಗಿಸುತ್ತಿಲ್ಲ, ಯಾವ ಮೇಷ್ಟ್ರೂ ಹೊಡೆಯುತ್ತಿಲ್ಲ. ಬೋವಾದವರಿಗೆ ಇದ್ದ ಯಾವ ಒತ್ತಾಯವೂ ನಮಗಿಲ್ಲ.

ನಮಗಿರುವ ಒಂದು ಸೌಕರ್ಯವನ್ನು ನಾವು ಬಳಸಿಕೊಳ್ಳುತ್ತಿಲ್ಲ. ಪ್ರತಿ ವರ್ಷ ಊರಿಂದ ಅಪ್ಪ ಅಮ್ಮಂದಿರು ಬರುತ್ತಾರೆ. ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾದಲ್ಲಿ 90 ದಿನ ಇರಬಹುದು. ನಾವು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದಮೇಲೆ ಅವರು ಕಿಟಕಿ ಪಕ್ಕ ಕೂತು ಹೊತ್ತು ಕಳೆಯುತ್ತಾರೆ. ಹಾಸನ, ಧಾರವಾಡ, ಕುಂದಾಪುರ, ಮೈಸೂರು, ಎಲ್ಲ ಕಡೆಯ ಕನ್ನಡವೂ ನಮ್ಮ ಸೋಫಾದ ಮೇಲೆ ಮಾತಾಡಲು ಜನವಿಲ್ಲದೆ ಕೂತಿರುತ್ತದೆ. ಹಾಗಾಗಿ ಈ ಸಲ ಕೂಟದ ಸಭೆಯಲ್ಲಿ ನಾನೊಂದು ಮಾತು ಇಟ್ಟಿದ್ದೇನೆ. ಶನಿವಾರದ ತರಗತಿಯಲ್ಲಿ ಒಂದು ಗಂಟೆ ಪುಸ್ತಕ ಮುಚ್ಚಿಡೋಣ. ಬಂದಿರುವ ಅಜ್ಜಿ ತಾತಂದಿರ ಜೊತೆ ಮಕ್ಕಳನ್ನು ಕೂರಿಸೋಣ. ಅವರು ರೊಟ್ಟಿ ತಟ್ಟಲಿ, ಚೌಕಾಬಾರ ಆಡಿಸಲಿ, ಕತೆ ಹೇಳಲಿ, ಬೈಯಲಿ. ಅವರವರ ಊರಿನ ಕನ್ನಡದಲ್ಲೇ ಆಡಲಿ, ತಿದ್ದುವುದು ಬೇಡ. ಮಗು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ಅಜ್ಜಿ ಕನ್ನಡ ಬಿಡಬಾರದು. ಇದೊಂದೇ ನಿಯಮ.

ವ್ಯಾಕರಣ ಕೆಡುತ್ತದೆ ಅಂತ ಇಬ್ಬರು ತಕರಾರು ತೆಗೆದರು. ಉಳಿದವರು ಒಪ್ಪಿದರು. ಜೂನ್‌ನಲ್ಲಿ ಶಿರಸಿಯಿಂದ ಒಬ್ಬರು, ವಿಜಯಪುರದಿಂದ ಇಬ್ಬರು ಬರುವವರಿದ್ದಾರೆ. ಮೊದಲ ಶನಿವಾರ ನಮ್ಮ ಮನೆಯಲ್ಲೇ.